ಉರಿಯ ಈಚೆಗಿನ ಕಲೆ

ಆಟೋಟದ ದಿನ ಮಧ್ಯಾಹ್ನ ಹೆಣ್ಣುಮಕ್ಕಳ ವಸತಿ ಶಾಲೆಯ ಮೈದಾನದಲ್ಲಿ ನಲವತ್ತೊಂದು ಹುಡುಗಿಯರು ಒಬ್ಬರ ಹಿಂದೊಬ್ಬರು ವಾಂತಿ ಮಾಡಿಕೊಂಡರು. ಮೊದಲು ಓಟದಲ್ಲಿ ಗೆದ್ದವಳು ಕುಸಿದಾಗ ಎಲ್ಲರೂ ಬಿಸಿಲಿಗೆ ಎಂದುಕೊಂಡರು. ಆಮೇಲೆ ಹಗ್ಗ ಜಗ್ಗಾಟದ ಎರಡೂ ತಂಡಗಳು, ಗೆದ್ದವರೂ ಸೋತವರೂ ಎನ್ನದೆ, ಒಂದೇ ಗೋಡೆಯ ಬುಡದಲ್ಲಿ ಹೊಟ್ಟೆ ಹಿಡಿದುಕೊಂಡು ಬಗ್ಗಿದಾಗ ಇದು ಬಿಸಿಲಲ್ಲ ಎಂದು ಗೊತ್ತಾಯಿತು. ಅವರೆಲ್ಲ ಕುಡಿದಿದ್ದದ್ದು ಒಂದೇ, ಅಡುಗೆಯಕ್ಕ ಡ್ರಮ್ಮಿನಲ್ಲಿ ಮಾಡಿಟ್ಟಿದ್ದ ನಿಂಬೆಹಣ್ಣಿನ ಶರಬತ್ತು.

ಡಾಕ್ಟರು ಬಂದರು. "ಸೇರಬಾರದ್ದೇನೋ ಹೊಟ್ಟೆಗೆ ಸೇರಿದೆ. ಹೊರಗೆ ಬಂದದ್ದೇ ಒಳ್ಳೇದಾಯ್ತು" ಎಂದು ಉಪ್ಪು ಸಕ್ಕರೆ ಹಾಕಿದ ನೀರು ಕುಡಿಸಿದರು. ಮರುದಿನ ಸಂಜೆಯ ಹೊತ್ತಿಗೆ ಮಕ್ಕಳು ಎದ್ದು ಕೂತು ಬ್ರೆಡ್ಡು ತಿಂದರು. ಬಡಕಲು ಹುಡುಗಿಯೊಬ್ಬಳು ಮಾತ್ರ ಮೂರು ದಿನ ಹಾಸಿಗೆ ಹಿಡಿದಳು. ಮಕ್ಕಳೇನೋ ಚೇತರಿಸಿಕೊಂಡರು. ಆದರೆ ಮಾತು ಎದ್ದಿತು.

ಅಡುಗೆಯಕ್ಕ ಆ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಇದ್ದವಳು. ಗಂಡನಿಲ್ಲ, ಹೊಲಿಗೆ ಕೆಲಸ ಮಾಡುವ ಒಬ್ಬಳೇ ಮಗಳು. ಆ ಮಗಳಿಗೆ ದಿನ ತುಂಬಿತ್ತು. ಬಾಣಂತನಕ್ಕೆ ನಾಲ್ಕು ದಿನ ರಜೆ ಕೊಡಿ ಎಂದು ಆಟೋಟದ ಎರಡು ದಿನ ಮೊದಲು ಹೆಡ್ ಮೇಡಂ ಹತ್ತಿರ ಹೋಗಿದ್ದಳು. ಆಟೋಟ ಮುಗಿಯುವ ತನಕ ಆಗುವುದಿಲ್ಲ ಎಂದರು. ಹೊರಗೆ ಬಂದವಳು ಮೆಟ್ಟಿಲ ಮೇಲೆ ನಿಂತು, ಯಾರು ಕೇಳುತ್ತಾರೆ, ಯಾರು ಬಿಡುತ್ತಾರೆ ಎಂದೂ ನೋಡದೆ, "ಇರಲಿ, ನನ್ನ ಹೊಟ್ಟೆ ಉರಿ ಸುಮ್ನೆ ಹೋಗಲ್ಲ" ಎಂದುಬಿಟ್ಟಿದ್ದಳು. ಆಗ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಈಗ ಆ ಮಾತು ಎಲ್ಲರ ನಾಲಿಗೆಯ ಮೇಲೂ ಬಂತು. ಉಗ್ರಾಣದಲ್ಲಿ ಇಲಿಪಾಷಾಣದ ಡಬ್ಬಿ ಇತ್ತು. ಅದರ ಮುಚ್ಚಳ ತೆಗೆದಿತ್ತು. ಯಾರು ತೆಗೆದರು, ಯಾವಾಗ ತೆಗೆದರು ಎಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಊಹೆಯಿಂದ ತುಂಬುವುದು ಎಷ್ಟು ಹೊತ್ತಿನ ಕೆಲಸ?

ಆ ಊಹೆಗೆ ಮುದ್ರೆ ಒತ್ತಿದವರು ವಿಜ್ಞಾನದ ಟೀಚರ್.

ಅವರಿಗೆ ಮೂವತ್ತಮೂರು ವರ್ಷ. ಶಾಲೆಯ ಪ್ರಯೋಗಾಲಯ ಅವರ ಕೈಗೆ ಬಂದು ವರ್ಷವೂ ಆಗಿರಲಿಲ್ಲ. ಎರಡು ಉದ್ದ ಮೇಜು, ತುಕ್ಕು ಹಿಡಿದ ನಲ್ಲಿ, ಹಿಂದಿನವರು ಬಿಟ್ಟುಹೋದ ಸೀಸೆಗಳು. ಅವುಗಳ ಚೀಟಿಗಳನ್ನು ಒಂದೊಂದಾಗಿ ತಾವೇ ಹೊಸದಾಗಿ ಬರೆದು ಅಂಟಿಸಿದ್ದರು. ಡ್ರಮ್ಮಿನ ತಳದಲ್ಲಿ ಉಳಿದಿದ್ದ ಶರಬತ್ತನ್ನು ಒಂದು ಲೋಟದಷ್ಟು ತಂದು, ಕಾಲೇಜಿನಲ್ಲಿ ಓದಿದ್ದ, ಆದರೆ ಕೈಯಾರೆ ಎಂದೂ ಮಾಡಿರದ ಒಂದು ಹಳೆಯ ಪರೀಕ್ಷೆಯನ್ನು ಅವರು ಮಾಡಿದರು. ಶರಬತ್ತಿನ ಜೊತೆ ಸತುವಿನ ಚೂರು, ಆಮ್ಲ ಸೇರಿಸಿದರೆ ಅನಿಲ ಏಳುತ್ತದೆ. ಅದನ್ನು ಸಣ್ಣ ಗಾಜಿನ ಕೊಳವೆಯಲ್ಲಿ ಹಾಯಿಸಿ, ಕೊಳವೆಯ ನಡುಭಾಗಕ್ಕೆ ದೀಪದ ಉರಿ ಕೊಡಬೇಕು. ಪಾಷಾಣವಿದ್ದರೆ, ಅಂದರೆ ಆರ್ಸೆನಿಕ್ ಇದ್ದರೆ, ಗಾಜಿನ ಒಳಮೈಗೆ ಕಪ್ಪು ಕಲೆ ಕಟ್ಟುತ್ತದೆ.

ಕಲೆ ಕಟ್ಟಿತು. ಹೆಡ್ ಮೇಡಂ ಪಕ್ಕದಲ್ಲೇ ನಿಂತಿದ್ದರು.

"ಏನದು?"

"ಆರ್ಸೆನಿಕ್, ಮೇಡಂ. ಪಾಷಾಣ."

ಹೇಳುವಾಗ ಟೀಚರಿಗೆ ಹೆದರಿಕೆಯಾಗಿತ್ತು, ನಿಜ. ಆದರೆ ಆ ಹೆದರಿಕೆಯ ಒಳಗೆ ಒಂದು ಚೂರು ಖುಷಿಯೂ ಇತ್ತು ಎಂದು ಅವರೇ ಆಮೇಲೆ ಒಪ್ಪಿಕೊಂಡರು. ಇಷ್ಟು ವರ್ಷ ಕಪ್ಪು ಹಲಗೆಯ ಮೇಲೆ ಬರೆದು ಅಳಿಸಿದ ವಿದ್ಯೆ ಮೊದಲ ಸಲ ಒಂದು ಕೆಲಸಕ್ಕೆ ಬಂದಿತ್ತು. ಸಹೋದ್ಯೋಗಿಗಳು ಬೆನ್ನು ತಟ್ಟಿದರು. ಹೆಡ್ ಮೇಡಂ ಕೊಳವೆಯನ್ನು ಲಕೋಟೆಗೆ ಹಾಕಿ ತಮ್ಮ ಬೀರುವಿನಲ್ಲಿ ಇಟ್ಟು ಬೀಗ ಹಾಕಿದರು. ಶಾಲೆಯ ಹೆಸರು ಬೀದಿಗೆ ಬರುವುದು ಬೇಡವೆಂದು ಪೊಲೀಸರಿಗೆ ಹೇಳಲಿಲ್ಲ. ಅಡುಗೆಯಕ್ಕನನ್ನು ಕರೆದು, "ನಿನ್ನ ಮೇಲೆ ಕೇಸು ಹಾಕದೆ ಬಿಡ್ತಿದ್ದೀವಿ, ಅದೇ ದೊಡ್ಡದು ಅಂದ್ಕೋ" ಎಂದರು.

ಅಡುಗೆಯಕ್ಕ ಅಳಲಿಲ್ಲ, ಕೂಗಾಡಲಿಲ್ಲ. "ನಾನು ಹಾಕಿಲ್ಲ" ಎಂದು ಮೂರು ಸಲ ಹೇಳಿದಳು. ಮೂರನೆಯ ಸಲ ಟೀಚರ್ ಕಡೆ ತಿರುಗಿ ಹೇಳಿದಳು. ಟೀಚರ್ ನೆಲ ನೋಡಿದರು. ಸೊಂಟದಲ್ಲಿದ್ದ ಉಗ್ರಾಣದ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟು ಅಡುಗೆಯಕ್ಕ ಹೊರಟುಹೋದಳು.

ಇದಾಗಿ ಏಳು ವಾರ ಕಳೆಯಿತು. ಮೇಲಿನ ತರಗತಿಗೆ ಆವರ್ತ ಕೋಷ್ಟಕದ ಹದಿನೈದನೆಯ ಗುಂಪಿನ ಪಾಠ ಬಂತು. ಟೀಚರ್ ಹಲಗೆಯ ಮೇಲೆ ಐದು ಹೆಸರುಗಳನ್ನು ಒಂದರ ಕೆಳಗೊಂದು ಬರೆದರು: ಸಾರಜನಕ, ರಂಜಕ, ಆರ್ಸೆನಿಕ್, ಆಂಟಿಮನಿ, ಬಿಸ್ಮತ್.

"ಒಂದೇ ಗುಂಪು. ಹೊರಗಿನ ಸುತ್ತಲ್ಲಿ ಎಲ್ಲಕ್ಕೂ ಐದೇ ಎಲೆಕ್ಟ್ರಾನು. ಆದ್ರೆ ಮೇಲಿಂದ ಕೆಳಗೆ ಬಂದ ಹಾಗೆ ಗುಣ ನೋಡಿ. ಮೊದಲನೇದು ನಾವು ಉಸಿರಾಡೋ ಗಾಳಿಯಲ್ಲೇ ಇದೆ. ಎರಡನೇದರಲ್ಲಿ ಬಿಳಿ ರಂಜಕ ಅಂತ ಇದೆ, ಗಾಳಿ ಸೋಕಿದ್ರೆ ಹೊತ್ಕೊಳ್ಳುತ್ತೆ, ನೀರಲ್ಲಿ ಮುಳುಗಿಸಿ ಇಡಬೇಕು. ಆರ್ಸೆನಿಕ್ ಅತ್ತ ಲೋಹಾನೂ ಅಲ್ಲ, ಇತ್ತ ಅಲೋಹಾನೂ ಅಲ್ಲ. ಆಂಟಿಮನಿಗೆ ಲೋಹದ ಗುಣ ಇನ್ನೂ ಜಾಸ್ತಿ. ಬಿಸ್ಮತ್ ಪೂರ್ತಿ ಲೋಹ. ಯಾಕೆ?"

"ಪರಮಾಣು ದೊಡ್ಡದಾಗ್ತಾ ಹೋಗುತ್ತೆ" ಎಂದಳು ಮುಂದಿನ ಬೆಂಚಿನವಳು.

"ಸರಿ. ದೊಡ್ಡದಾದ ಹಾಗೆ ಹೊರಗಿನ ಎಲೆಕ್ಟ್ರಾನು ನಡುವಿಂದ ದೂರ ಆಗುತ್ತೆ, ಹಿಡಿತ ಸಡಿಲ ಆಗುತ್ತೆ. ಹೈಡ್ರೋಜನ್ ಜೊತೆ ಸೇರಿದಾಗಲೂ ಅಷ್ಟೇ. ಸಾರಜನಕ ಮೂರು ಹೈಡ್ರೋಜನ್ ಹಿಡ್ಕೊಂಡ್ರೆ ಅಮೋನಿಯಾ. ಅದನ್ನ ಬಿಡಿಸೋಕೆ ಸಾಕಷ್ಟು ಶಾಖ ಬೇಕು."

"ನಮ್ಮ ವಾರ್ಡನ್ ಕೈಗೆ ಸಿಕ್ಕ ಕಾಗದದ ಹಾಗೆ, ಬಿಡಿಸೋಕೇ ಆಗಲ್ಲ" ಎಂದು ಹಿಂದಿನಿಂದ ಒಂದು ದನಿ ಬಂತು. ತರಗತಿ ನಕ್ಕಿತು. ಟೀಚರೂ ನಕ್ಕರು.

"ಇರಬಹುದು. ಕೆಳಗೆ ಹೋದ ಹಾಗೆ ಆ ಹಿಡಿತ ಕಮ್ಮಿ. ಬಿಸ್ಮತ್ ಅಂತೂ ಹಿಡಿದ ಹಾಗೇ ಕೈ ಬಿಡುತ್ತೆ. ಆಂಟಿಮನಿ ಆರ್ಸೆನಿಕ್‌ಗಿಂತ ಸಡಿಲ. ಉರಿ ನೇರವಾಗಿ ತಾಗಬೇಕು ಅಂತಾನೂ ಇಲ್ಲ, ಬಿಸಿ ಹತ್ತಿರ ಬಂದ್ರೆ ಸಾಕು, ಬಿಟ್ಟು..."

ಮಾತು ಅಲ್ಲಿಗೇ ನಿಂತಿತು. ಸೀಮೆಸುಣ್ಣ ಹಲಗೆಯ ಮೇಲೆ ನಿಂತಲ್ಲೇ ನಿಂತಿತು. ಬಿಸಿ ಹತ್ತಿರ ಬಂದರೆ ಸಾಕು ಎಂದ ಮೇಲೆ, ಆಂಟಿಮನಿಯ ಕಲೆ ಉರಿ ತಾಗಿದ ಜಾಗಕ್ಕಿಂತ ಮೊದಲೇ ಕಟ್ಟಬೇಕು. ಆರ್ಸೆನಿಕ್ಕಿನದು ಉರಿಯನ್ನು ದಾಟಿದ ಮೇಲೆ ಕಟ್ಟಬೇಕು. ಆ ದಿನ ಕೊಳವೆಯಲ್ಲಿ ಕಲೆ ಎಲ್ಲಿತ್ತು? ಅವರು ಕಣ್ಣು ಮುಚ್ಚಿ ನೆನಪಿಸಿಕೊಂಡರು. ಸೀಸೆಯ ಕಡೆ, ಉರಿಯ ಈಚೆ. ಇದ್ದ ಹಾಗೆ ನೆನಪು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು.

"ಉಳಿದದ್ದು ನೀವೇ ಓದ್ಕೊಳ್ಳಿ" ಎಂದು ಟೀಚರ್ ಸೀಮೆಸುಣ್ಣ ಕೈಯಲ್ಲಿ ಹಿಡಿದುಕೊಂಡೇ ಹೊರಬಿದ್ದರು.

ಹೆಡ್ ಮೇಡಂ ಲಕೋಟೆ ಕೊಡಲು ಹಿಂದೆಮುಂದೆ ನೋಡಿದರು. "ಮುಗಿದ ಕತೆ. ಮತ್ಯಾಕೆ ಕೆದಕ್ತೀರಿ?"

"ಒಂದೇ ಒಂದು ಸಲ ನೋಡಿ ಕೊಡ್ತೀನಿ."

ಕಿಟಕಿಯ ಬೆಳಕಿಗೆ ಕೊಳವೆ ಹಿಡಿದರು. ದೀಪದ ಮಸಿ ತಾಗಿ ಹೊರಗೆ ಕಂದಾಗಿದ್ದ ಜಾಗ ಸ್ಪಷ್ಟವಾಗಿತ್ತು. ಅದರ ಎರಡೂ ಪಕ್ಕಕ್ಕೆ ಕಲೆ ಇತ್ತು, ಈಚೆಗಿನದೇ ದಟ್ಟ. ಹೊಳಪಿಲ್ಲ, ಮಖಮಲ್ಲಿನ ಹಾಗೆ ಕಪ್ಪು. ಟೀಚರ್ ಅದನ್ನು ಪ್ರಯೋಗಾಲಯಕ್ಕೆ ತಂದು, ಬಿಳಿ ಬಟ್ಟೆಯ ಕಲೆ ತೆಗೆಯುವ ಬ್ಲೀಚ್ ನೀರನ್ನು ಕೊಳವೆಯೊಳಗೆ ಎರಡು ಹನಿ ಬಿಟ್ಟರು. ಆರ್ಸೆನಿಕ್ಕಿನ ಕಲೆಯಾದರೆ ಕರಗಿ ಮಾಯವಾಗಬೇಕು. ಐದು ನಿಮಿಷ ನೋಡಿದರು. ಹತ್ತು ನಿಮಿಷ ನೋಡಿದರು. ಕಲೆ ಅಲುಗಲಿಲ್ಲ. ಹಾಗಾದರೆ ಅದು ಆಂಟಿಮನಿ. ಇಲಿಪಾಷಾಣದ ಡಬ್ಬಿಯ ಮೇಲಿನ ಚೀಟಿಯಲ್ಲಿ ಆಂಟಿಮನಿಯ ಸುದ್ದಿಯೇ ಇರಲಿಲ್ಲ.

ಮತ್ತೆ ಎಲ್ಲಿಂದ ಬಂತು? ಅಡುಗೆಮನೆಗೆ ಹೋದರು. ಬಾಗಿಲ ಹಿಂದೆ ಆ ಡ್ರಮ್ಮು ಮಗುಚಿ ಬಿದ್ದಿತ್ತು. ಒಳಗೆಲ್ಲ ಬಿಳಿ ಎನಾಮಲ್ ಬಳಿದದ್ದು, ಆಟೋಟಕ್ಕೆಂದು ಹೊಸದಾಗಿ ತಂದದ್ದು. ಹಳೆಯ ಉಕ್ಕಿನ ಪಾತ್ರೆ ಅಷ್ಟೂ ಮಕ್ಕಳಿಗೆ ಸಾಲದೆಂದು ಹೆಡ್ ಮೇಡಂ ತಾವೇ ಅಂಗಡಿಗೆ ಹೋಗಿ ಅಗ್ಗದಲ್ಲಿ ಆರಿಸಿ ತಂದಿದ್ದರು. ಎನಾಮಲ್ಲಿಗೆ ಬಿಳುಪು ಬರಲಿ ಎಂದು ಕೆಲವು ಕಡೆ ಆಂಟಿಮನಿ ಬೆರೆಸುತ್ತಾರೆ ಎಂದು ಟೀಚರ್ ಎಲ್ಲೋ ಓದಿದ್ದರು. ಹುಳಿ ಅದನ್ನು ಕರಗಿಸುತ್ತದೆ. ಅಡುಗೆಯಕ್ಕ ಮರುದಿನದ ಗಡಿಬಿಡಿ ತಪ್ಪಲಿ ಎಂದು ಹಿಂದಿನ ಸಂಜೆಯೇ ನಿಂಬೆರಸ ಹಿಂಡಿ ಡ್ರಮ್ಮಿಗೆ ತುಂಬಿಟ್ಟಿದ್ದಳು. ಅವಳು ಮಾಡಿದ ತಪ್ಪು ಅದೊಂದೇ, ಅದು ತಪ್ಪು ಎನ್ನುವುದಾದರೆ.

ಟೀಚರ್ ಆರು ನಿಂಬೆಹಣ್ಣು ತಂದು, ರಸ ಹಿಂಡಿ, ಡ್ರಮ್ಮಿಗೆ ಸುರಿದು ಮುಚ್ಚಿಟ್ಟು ಮನೆಗೆ ಹೋದರು. ಬೆಳಿಗ್ಗೆ ಬಂದು ಆ ರಸಕ್ಕೆ ಮತ್ತೆ ಅದೇ ಪರೀಕ್ಷೆ ಮಾಡಿದರು. ಹೊಸ ಕೊಳವೆ, ಅದೇ ಕಲೆ, ಅದೇ ಜಾಗ, ಉರಿಯ ಈಚೆಗೆ.

ಅಂದು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವರು ತಟ್ಟೆಯ ಮುಂದೆ ಕೂತು ಅನ್ನ ಕಲೆಸಿದರೇ ಹೊರತು ಬಾಯಿಗಿಡಲಿಲ್ಲ. ಅವರ ಅಮ್ಮ ಬಾಯಿ ಜೋರಿನ ಹೆಂಗಸು. ಮಗಳ ಕತೆಯನ್ನೆಲ್ಲ ಕೇಳಿ ಸೌಟು ಕೆಳಗಿಟ್ಟರು.

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರೆ. ನೀನು ಎರಡೂ ಮಾಡಿದೀಯ ಕಣೆ."

"ಗೊತ್ತಿಲ್ದೆ ಆಯ್ತು ಅಮ್ಮ. ಎರಡೂ ಒಂದೇ ಗುಂಪಿನವು. ಕಲೆ ನೋಡೋಕೆ ಒಂದೇ ಥರ."

"ಗೊತ್ತಿಲ್ದೆ ಇದ್ರೆ ಗೊತ್ತಿಲ್ಲ ಅನ್ಬೇಕಿತ್ತು. ಅದಕ್ಕೇನು ಓದಬೇಕಾಗಿರ್ಲಿಲ್ಲ." ಆಮೇಲೆ ದನಿ ತಗ್ಗಿಸಿ, "ಎರಡು ತುತ್ತು ತಿನ್ನು. ತಿಂದು ಅವಳ ಮನೆಗೆ ಹೋಗು. ಹೊಟ್ಟೆ ಖಾಲಿ ಇದ್ರೆ ಬಾಗಿಲಲ್ಲೇ ಅಳ್ತೀಯ. ನೀನು ಅತ್ರೆ ಅವಳೇ ನಿನ್ನ ಸಮಾಧಾನ ಮಾಡ್ಬೇಕಾಗುತ್ತೆ" ಎಂದರು.

ಟೀಚರ್ ಮೊದಲು ಶಾಲೆಗೇ ಹೋದರು. ಹೆಡ್ ಮೇಡಂ ಎರಡು ಕೊಳವೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಡ್ರಮ್ಮು ತಂದವಳು ನಾನು" ಎಂದರು.

"ನಿಮಗೂ ಗೊತ್ತಿರಲಿಲ್ಲ ಮೇಡಂ."

"ಅವಳಿಗೂ ಗೊತ್ತಿರಲಿಲ್ಲ. ಅವಳನ್ನ ಮಾತ್ರ ಕಳಿಸಿದ್ವಿ." ಕೊಳವೆಗಳನ್ನು ಲಕೋಟೆಗೆ ಹಾಕುತ್ತಾ ಹೇಳಿದರು: "ನನಗೆ ಎರಡು ದಿನ ಕೊಡಿ. ಪೋಷಕರಿಗೆ ಹೇಗೆ ಹೇಳೋದು ಅಂತ ಯೋಚನೆ ಮಾಡ್ಬೇಕು."

"ನೀವು ಯೋಚನೆ ಮಾಡಿ ಮೇಡಂ. ನಾನು ಹೋಗಿ ಬರ್ತೀನಿ."

ಅಡುಗೆಯಕ್ಕ ಈಗ ಒಂದು ಲಾಂಡ್ರಿಯಲ್ಲಿ ಆಸ್ಪತ್ರೆಯ ಹೊದಿಕೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಸಂಜೆ ಐದಕ್ಕೆ ಮನೆಗೆ ಬರುತ್ತಾಳೆ ಎಂದು ತಿಳಿದು ಟೀಚರ್ ಆ ಹೊತ್ತಿಗೆ ಹೋದರು. ಮೂರು ಮಹಡಿಯ ಹಳೆಯ ಕಟ್ಟಡ. ಒಂದೊಂದು ಮಹಡಿಗೆ ಆರು ಮನೆ. ನೀರಿನ ನಲ್ಲಿ ಕೆಳಗಿನ ಅಂಗಳದಲ್ಲಿ. ಬಾಗಿಲು ತೆಗೆದವಳು ಮಗಳು. ಹೆಗಲ ಮೇಲೆ ಒಂದೂವರೆ ತಿಂಗಳ ಕೂಸು. ಟೀಚರನ್ನು ಕಂಡು ಅವಳ ಮುಖ ಗಂಟಾಯಿತು.

"ಇನ್ನೇನು ಉಳಿದಿದೆ ಅಂತ ಬಂದ್ರಿ?"

"ಅಮ್ಮ ಇದ್ದಾರಾ?"

"ಇದ್ದಾರೆ. ಅವರ ಕೈಯಲ್ಲಿ ನೀರು ಕುಡೀತೀರಾ? ಈ ಕಟ್ಟಡದಲ್ಲಿ ಯಾರೂ ಕುಡಿಯಲ್ಲ. ಪಕ್ಕದ ಮನೆಯವರು ಈ ಮಗು ನೋಡೋಕೆ ಬಂದವರು ಒಂದು ಲೋಟ ಕಾಫಿ ಮುಟ್ಟದೆ ಹೋದ್ರು."

"ಒಳಗೆ ಕರಿ" ಎಂದಿತು ಒಳಗಿನಿಂದ ಒಂದು ದನಿ.

ಅಡುಗೆಯಕ್ಕ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಇಸ್ತ್ರಿಯ ಕಾವಿಗೆ ಮುಂಗೈ ಕೆಂಪಾಗಿತ್ತು. ಟೀಚರ್ ಕುರ್ಚಿ ಬಿಟ್ಟು ಚಾಪೆಯ ಮೇಲೆ ಕೂತರು.

"ಅಕ್ಕ, ನೀವು ಏನೂ ಹಾಕಿರಲಿಲ್ಲ. ಆ ಡ್ರಮ್ಮಿನಲ್ಲೇ ಇತ್ತು. ನಿಂಬೆ ಹುಳಿಗೆ ಅದರ ಒಳಗೆ ಬಳಿದಿದ್ದ ಬಿಳಿ ಬಣ್ಣ ಬಿಟ್ಟುಕೊಂಡಿತ್ತು. ನಾನು ಸರಿಯಾಗಿ ನೋಡದೆ ಪಾಷಾಣ ಅಂದೆ. ತಪ್ಪು ನನ್ನದು."

ಮಗಳು ಬಾಗಿಲಲ್ಲೇ ನಿಂತಿದ್ದಳು. ಕೂಸು ಮಾತ್ರ ಸಣ್ಣಗೆ ಕುಂಯ್‌ಗುಟ್ಟಿತು.

"ಏಳು ವಾರ" ಎಂದಳು ಅಡುಗೆಯಕ್ಕ. "ಎಂಟನೇ ದಿನದಿಂದ ನನಗೇ ಅನುಮಾನ ಬಂತು ಟೀಚರ್. ಅವತ್ತು ಸಕ್ಕರೆ ಡಬ್ಬಿ ಅಂತ ಬೇರೆ ಏನಾದ್ರೂ ತೆಗೆದ್ನಾ, ಕೈ ತೊಳೆದಿದ್ನಾ ಇಲ್ವಾ ಅಂತ. ಓದಿದವರು ಹೇಳ್ತಿದ್ದಾರೆ ಅಂದ್ಮೇಲೆ ಇರಬಹುದೇನೋ ಅಂತ. ಮಗು ಎತ್ಕೊಳ್ಳೋಕೂ ಹೆದರಿಕೆ ಆಗೋದು."

ಟೀಚರಿಗೆ ಅಳು ಒತ್ತಿಕೊಂಡು ಬಂತು. ಅಮ್ಮ ಹೇಳಿದ್ದು ನೆನಪಾಗಿ ಹಲ್ಲು ಕಚ್ಚಿ ತಡೆದುಕೊಂಡರು.

"ನಾನೇನು ಮಾಡಲಿ, ಹೇಳಿ. ಹೆಡ್ ಮೇಡಂ ಪತ್ರ ಬರೆದು ಕೊಡ್ತಾರೆ."

"ಪತ್ರ ಇಟ್ಕೊಂಡು ಏನ್ ಮಾಡ್ಲಿ? ಗೋಡೆಗೆ ಅಂಟಿಸ್ಲಾ?" ಅಡುಗೆಯಕ್ಕ ಕೈ ಊರಿ ಎದ್ದಳು. "ಆರು ಗಂಟೆಗೆ ನಲ್ಲೀಲಿ ನೀರು ಬರುತ್ತೆ. ಕಟ್ಟಡದವರೆಲ್ಲ ಇಳೀತಾರೆ. ಈಗ ನನಗೆ ಹೇಳಿದ್ದನ್ನ ಅಲ್ಲಿ ಹೇಳಿ. ಅಷ್ಟು ಮಾಡಿ ಸಾಕು."

ಆರಕ್ಕೆ ಟೀಚರ್ ಅಂಗಳಕ್ಕೆ ಇಳಿದರು. ಕೊಡ, ಬಕೆಟ್ಟು ಹಿಡಿದು ಇಪ್ಪತ್ತು ಮೂವತ್ತು ಜನ ಇದ್ದರು. ಟೀಚರ್ ತಾವು ಯಾರು, ಏನು ಮಾಡಿದ್ದು ಎಂದು ಮೊದಲಿನಿಂದ ಹೇಳಿದರು. ಒಬ್ಬ ಮುದುಕ ಬಕೆಟ್ಟು ಮಗುಚಿ ಹಾಕಿ ಅದರ ಮೇಲೆ ಕೂತು ಕೇಳಿದ.

"ಹಾಗಾದ್ರೆ ಅದು ವಿಷ ಅಲ್ವಾ?"

"ವಿಷವೇ ಅಜ್ಜ. ಆದ್ರೆ ಇವರು ಹಾಕಿದ್ದಲ್ಲ. ಎರಡು ವಸ್ತು ಇವೆ, ನಮ್ಮ ಪಾಠದ ಪಟ್ಟಿಯಲ್ಲಿ ಒಂದರ ಕೆಳಗೆ ಒಂದು ಬರ್ತವೆ. ಎರಡೂ ಕಪ್ಪು ಕಲೆ ಮಾಡ್ತವೆ. ಮೇಲಿನದು ಇಲಿಪಾಷಾಣದಲ್ಲಿ ಇರೋದು, ಕೆಳಗಿನದು ಡ್ರಮ್ಮಿಗೆ ಬಳಿದ ಬಿಳಿ ಬಣ್ಣದಲ್ಲಿ ಇದ್ದದ್ದು. ಎರಡಕ್ಕೂ ವ್ಯತ್ಯಾಸ ಇದೆ. ಅದನ್ನ ಮಕ್ಕಳಿಗೆ ಪಾಠ ಮಾಡೋಳು ನಾನೇ. ಅವತ್ತು ಅವಸರದಲ್ಲಿ ನೋಡ್ಲಿಲ್ಲ."

"ಓದಿ ಓದಿ ಮರುಳಾದ ಅಂತಾರಲ್ಲ, ಹಾಗಾಯ್ತು" ಎಂದ ಮುದುಕ. ಯಾರೋ ಕಿಸಕ್ಕೆಂದರು. ಟೀಚರ್ ತಲೆಯಾಡಿಸಿದರು. ಪಕ್ಕದ ಮನೆಯ ಹೆಂಗಸು ಸೆರಗನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನಿಂತಿದ್ದಳು. ನಲ್ಲಿಯಲ್ಲಿ ನೀರು ಬಂದು ಎಲ್ಲರೂ ಅತ್ತ ನುಗ್ಗಿದಾಗ ಅವಳು ಅಡುಗೆಯಕ್ಕನ ಕೈಯಿಂದ ಕೊಡ ತೆಗೆದುಕೊಂಡು, ತನ್ನದಕ್ಕಿಂತ ಮೊದಲು ಅದನ್ನು ತುಂಬಿಸಿ ಕೊಟ್ಟಳು.

ಹೆಡ್ ಮೇಡಂ ಎರಡು ದಿನ ಎಂದದ್ದು ನಾಲ್ಕು ದಿನವಾಯಿತು. ಐದನೆಯ ದಿನ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಮಕ್ಕಳ ಮುಂದೆ ನಿಂತು, ಡ್ರಮ್ಮು ತಂದವರು ಯಾರು, ಕೆಲಸ ಕಳೆದುಕೊಂಡವರು ಯಾರು ಎಂಬುದನ್ನು ಸುತ್ತುಬಳಸದೆ ಹೇಳಿದರು. ಪೋಷಕರಿಗೂ ಅದನ್ನೇ ಬರೆದು ಕಳಿಸಿದರು. ಇಬ್ಬರು ಪೋಷಕರು ಬಂದು ಜೋರಾಗಿ ಮಾತಾಡಿ ಹೋದರು. ಉಳಿದವರು ಅಡುಗೆಯಕ್ಕ ಯಾವಾಗ ಬರುತ್ತಾಳೆ ಎಂದು ಕೇಳಿದರು. ಡ್ರಮ್ಮಿಗೆ ತೂತು ಕೊರೆದು ಗುಜರಿಗೆ ಹಾಕಿದರು. ಟೀಚರ್ ರಾಜೀನಾಮೆ ಬರೆದುಕೊಂಡು ಹೋದರೆ, "ಇದು ನಿಮಗೆ ಸುಲಭದ ದಾರಿ, ಬೇಡ" ಎಂದು ಹಿಂದಕ್ಕೆ ಕೊಟ್ಟರು.

ಅಡುಗೆಯಕ್ಕ ಕೂಡಲೇ ಬರಲಿಲ್ಲ. ಹೆಡ್ ಮೇಡಂ ತಾವೇ ಮನೆಗೆ ಹೋಗಿ ಕರೆದಾಗ, ಕಷ್ಟಕ್ಕೆ ಕೆಲಸ ಕೊಟ್ಟ ಲಾಂಡ್ರಿಯವರನ್ನು ನಡುನೀರಿನಲ್ಲಿ ಕೈ ಬಿಡುವುದಿಲ್ಲ ಎಂದಳು. ಅವರಿಗೆ ಬೇರೆ ಜನ ಸಿಕ್ಕ ಮೇಲೆ, ಇನ್ನೊಂದು ತಿಂಗಳು ಕಳೆದು, ಒಂದು ಸೋಮವಾರ ಬಂದಳು. ಮಗಳು ಮಾತ್ರ ಟೀಚರನ್ನು ದಾರಿಯಲ್ಲಿ ಕಂಡರೆ ಈಗಲೂ ಮುಖ ತಿರುಗಿಸುತ್ತಿದ್ದಳು. ಟೀಚರ್ ಅದನ್ನು ತಪ್ಪು ಎಂದುಕೊಳ್ಳಲಿಲ್ಲ.

ಬಂದ ಮೊದಲ ದಿನ ಮಕ್ಕಳು ತಟ್ಟೆ ಹಿಡಿದು ಸಾಲು ನಿಂತಾಗ ಅಡುಗೆಯಕ್ಕ ಬಡಿಸಲಿಲ್ಲ. ಒಂದು ಸಣ್ಣ ತಟ್ಟೆಗೆ ಎಲ್ಲವನ್ನೂ ಚೂರು ಚೂರು ಹಾಕಿಕೊಂಡು, ಅಷ್ಟೂ ಮಕ್ಕಳ ಎದುರು ನಿಂತು ತಿಂದಳು. ನೀರು ಕುಡಿದಳು. ಆಮೇಲೆ ಸೌಟು ಹಿಡಿದಳು. ಮರುದಿನವೂ ಹಾಗೇ ಮಾಡಿದಳು. ವಾರ ಕಳೆದರೂ ಬಿಡಲಿಲ್ಲ.

ಟೀಚರಿಗೆ ನೋಡಲಾಗಲಿಲ್ಲ. "ಅಕ್ಕ, ಇದು ಬೇಡ. ಯಾರಿಗೂ ನಿಮ್ಮ ಮೇಲೆ ಅನುಮಾನ ಇಲ್ಲ" ಎಂದರು.

"ಉಪ್ಪು ನೋಡ್ತೀನಿ ಟೀಚರ್, ಅಷ್ಟೇ" ಎಂದಳು ಅಡುಗೆಯಕ್ಕ. ಆದರೆ ಅವರ ಮುಖ ನೋಡಲಿಲ್ಲ.

ಆಮೇಲೆ ಟೀಚರ್ ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗುವುದನ್ನು ಬಿಟ್ಟರು. ಅಡುಗೆಯಕ್ಕನ ಎದುರಿಗೇ ತಟ್ಟೆ ಹಿಡಿದು, ಸಾಲಿನಲ್ಲಿ ಮೊದಲನೆಯವರಾಗಿ ನಿಲ್ಲತೊಡಗಿದರು. ಬಡಿಸಿದ್ದನ್ನು ಅಲ್ಲೇ ಬೆಂಚಿನ ಮೇಲೆ ಕೂತು ತಿನ್ನುತ್ತಿದ್ದರು. ಇಬ್ಬರ ನಡುವೆ ಹೆಚ್ಚು ಮಾತಿರಲಿಲ್ಲ. ಎರಡು ತಿಂಗಳ ಮೇಲೆ ಒಂದು ದಿನ ಒಲೆ ಕೈಕೊಟ್ಟು ಅಡುಗೆ ತಡವಾಯಿತು. ಮಕ್ಕಳು ತಟ್ಟೆ ಬಡಿಯತೊಡಗಿದರು. ಅಡುಗೆಯಕ್ಕ ಬೆವರು ಒರೆಸಿಕೊಳ್ಳುತ್ತಾ ಬಂದು, "ಒಂದು ಗಳಿಗೆ ಕಾಯೋಕೆ ಆಗಲ್ವಾ ನಿಮಗೆ, ಏನ್ ಆತುರ" ಎಂದು ಬೈಯುತ್ತಾ ನೇರವಾಗಿ ಬಡಿಸಲು ಶುರುಮಾಡಿದಳು. ಆ ಸಣ್ಣ ತಟ್ಟೆ ಕಪಾಟಿನಲ್ಲೇ ಉಳಿಯಿತು. ಅವಳಿಗೆ ಅದು ನೆನಪೇ ಆಗಲಿಲ್ಲ. ಟೀಚರ್ ನೋಡಿಯೂ ನೋಡದವರ ಹಾಗೆ, ತುಂಬಿದ ತಟ್ಟೆ ಹಿಡಿದುಕೊಂಡು ಹಿಂದಿನವರಿಗೆ ದಾರಿ ಬಿಟ್ಟರು.